ಅಚ್ಚು ಅಳಿದರೆ ಕಳಸವೆಲ್ಲಿಂದ?

ಮುಂಬ್ರಾ ಸ್ಟೇಷನ್ನಿಗೆ ಅನತಿದೂರದಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಕೆಡಹುತ್ತಿದ್ದುದನ್ನು ಇತ್ತೀಚೆಗೆ ನೋಡುವ ಪ್ರಸಂಗ ಒದಗಿತು. ಹೆಂಚುಗಳ ರಾಶಿಯ ಪಕ್ಕದಲ್ಲಿ, ಮಾಡಿನ ನೆತ್ತಿಯನ್ನು ಅಲಂಕರಿಸಿದ್ದ ಸುಟ್ಟಮಣ್ಣಿನ ಕಳಸವೊಂದು ಒಡೆದು ಬಿದ್ದಿತ್ತು. ಹೆಂಚೊಂದನ್ನು ಮಗುಚಿ ನೋಡಿದೆ. ಮಂಗಳೂರಿನ ಹೆಸರು ಉಬ್ಬಕ್ಷರಗಳಲ್ಲಿ ಸ್ಪಷ್ಟವಾಗಿತ್ತು. ಪರಸ್ಥಳದಲ್ಲಿ ಊರಿನವರು ಎದುರಾದಷ್ಟು ಸಂತೋಷವಾಯಿತು. ಅವರನ್ನು ಈ ಸ್ಥಿತಿಯಲ್ಲಿ ಕಂಡುದಕ್ಕೆ ವ್ಯಥೆಯೂ ಆಯಿತು.

ಈ ಹೆಂಚಿನ ಚರಿತ್ರೆ ನಮ್ಮವರು ಅರಿತಿರಬೇಕಾದುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ಮತಾಂತರದಿಂದ ಬಂಧುಬಳಗವನ್ನೂ ಕಸುಬನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಕಲ್ಪಿಸಲು ನೇಯ್ಗೆ, ಮುದ್ರಣ ಮುಂತಾದ ಉದ್ಯಮಗಳನ್ನು ತೆರೆದರು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಎಂಬವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ನೇತ್ರಾವತಿ, ಗುರುಪುರ ನದಿಗಳ ತೀರದ ಆವೆಮಣ್ಣು ಅದಕ್ಕೆ ಒದಗಿತು. ಒಂದನ್ನೊಂದು ಕಚ್ಚಿ ಹಿಡಿಯುವ ಆ ಹೆಂಚುಗಳ ಜೊತೆಗೆ ನೆತ್ತಿಯ ಕಳಸ, ಗಾಳಿಕಿಂಡಿಯ ಜಾಲಂದ್ರ, ಹೂಕುಂಡಗಳೂ ತಯಾರಾದವು. ನಮ್ಮ ಹಿರಿಯರು ಹಡಗು ಹತ್ತಿ ಮುಂಬಯಿ ಸೇರಿದಂತೆ, ಹೆಂಚುಗಳೂ ಮಂಜಿಗಳಲ್ಲಿ ಸಮುದ್ರಮಾರ್ಗವಾಗಿಯೇ ಇಲ್ಲಿಗೆ ಬಂದವು.

ಇವೆಲ್ಲಕ್ಕೂ ಮೂಲ ಅಚ್ಚು. ಹೆಂಚನ್ನು ಎರಡು ಅಚ್ಚುಗಳ ನಡುವೆ ಯಂತ್ರದಿಂದ ಒತ್ತುತ್ತಾರೆ. ಹೆಂಚಿನ ಮೇಲೆ ಹೆಸರು ನೇರವಾಗಿ ಮೂಡಬೇಕಾದರೆ ಅಚ್ಚಿನಲ್ಲಿ ಅಕ್ಷರಗಳನ್ನು ತಿರುವುಮುರುವಾಗಿ ಕೊರೆಯಬೇಕು. ಕುಸುರಿಯ ಅಲಂಕಾರಗಳಿಗೆ ಪ್ಲಾಸ್ಟರಿನ ಅಚ್ಚು ಒಳ್ಳೆಯದು. ಅದು ಮಣ್ಣಿನ ನೀರನ್ನು ಹೀರುವುದರಿಂದ, ಒಳಗೆ ಅದುಮಿದ ಮಣ್ಣು ಗೆರೆ ಕೆಡದೆ ಬಿಟ್ಟು ಬರುತ್ತದೆ.

ಅಚ್ಚು ಹೋದರೇನು, ಹಳೆಯ ಕಳಸದಿಂದಲೇ ಹೊಸ ಅಚ್ಚು ತೆಗೆಯಬಾರದೆ ಎಂದು ವಾಚಕರು ಕೇಳಬಹುದು. ನಾವೂ ಹಾಗೆಯೇ ಎಣಿಸಿದ್ದೆವು. ಊರಿನ ನಮ್ಮ ಮನೆಯ ಒಂದು ಕಳಸ ಸಿಡಿಲಿಗೆ ಒಡೆದಾಗ, ಇನ್ನೊಂದರಿಂದ ಅಚ್ಚು ತೆಗೆಸಿದೆವು. ಸುಟ್ಟು ಬಂದುದು ಗಾತ್ರದಲ್ಲಿ ಕಿರಿದಾಗಿತ್ತು! ಹಸಿಮಣ್ಣು ಒಣಗುವಾಗಲೂ ಬೇಯುವಾಗಲೂ ಕುಗ್ಗುತ್ತದೆ. ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹತ್ತು ಭಾಗದಷ್ಟು. ಹಿಂದಿನವರು ಈ ಲೆಕ್ಕವನ್ನು ತಿಳಿದೇ ಅಚ್ಚನ್ನು ಹಿರಿದಾಗಿ ಮಾಡುತ್ತಿದ್ದರು. ಆ ಲೆಕ್ಕ ಅಚ್ಚಿನಲ್ಲಿತ್ತೇ ಹೊರತು ಕಳಸದಲ್ಲಿರಲಿಲ್ಲ. ನಮ್ಮ ಮಾಡಿನ ಎರಡು ತುದಿಗಳಲ್ಲಿ ಅವು ಇಂದಿಗೂ ಅಣ್ಣತಮ್ಮಂದಿರಂತೆ ನಿಂತಿವೆ.

ಕಾಂಕ್ರೀಟಿನ ಪೈಪೋಟಿಯಿಂದಲೂ ಮಣ್ಣಿನ ಅಭಾವದಿಂದಲೂ ಮಂಗಳೂರಿನ ಅನೇಕ ಹೆಂಚಿನ ಕಾರ್ಖಾನೆಗಳು ಬಾಗಿಲು ಮುಚ್ಚಿವೆ. ಕಬ್ಬಿಣದ ಅಚ್ಚಿಗೆ ಗುಜರಿಯವನು ಕೊಡುವುದು ತೂಕದ ಬೆಲೆ ಮಾತ್ರ. ಪ್ಲಾಸ್ಟರಿನದಕ್ಕೆ ಅದೂ ಇಲ್ಲ. ಚಕ್ಕುಲಿ ಒರಳಿನ ಬಿಲ್ಲೆ ಕಳೆದರೆ ಪೇಟೆಯಿಂದ ಇನ್ನೊಂದು ತರಬಹುದೆಂಬುದನ್ನು ನಮ್ಮ ಹೋಟೆಲು ಬಂಧುಗಳು ಬಲ್ಲರು. ಈ ಅಚ್ಚುಗಳಿಗೆ ಅಂಥ ಪೇಟೆಯಿಲ್ಲ.

ಆದುದರಿಂದ, ರಜೆಯಲ್ಲಿ ಊರಿಗೆ ಹೋಗುವವರಲ್ಲಿ ನಮ್ಮದೊಂದು ಬಿನ್ನಹ. ಮನೆಯ ಅಟ್ಟದಲ್ಲೋ ಪರಿಚಿತರ ಹಳೆಯ ಕಾರ್ಖಾನೆಯ ಕೊಟ್ಟಿಗೆಯಲ್ಲೋ ಇಂಥ ಅಚ್ಚು ಕಂಡರೆ ಗುಜರಿಗೆ ಹಾಕಗೊಡಬೇಡಿ. ಮಂಗಳೂರಿನ ಬಿಜೈಯಲ್ಲಿರುವ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯದವರನ್ನು ಒಮ್ಮೆ ವಿಚಾರಿಸಿ ನೋಡಿ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ನಾವು. ಊರಿನ ಕೈಚಳಕವನ್ನಾದರೂ ಬಿಟ್ಟುಕೊಡದಿರೋಣ.