ಪಿಜಿ ಸೀಟು: ಊರಿನ ಹೆಸರಿಗಿಂತ ಆಸ್ಪತ್ರೆ–ರೂಮಿನ ದಾರಿ ನೋಡಿ

ಹಗರೆ: ನೀಟ್ ಪಿಜಿ ಬರೆದ ಮಕ್ಕಳಿರುವ ಮನೆಗಳಲ್ಲಿ ಕೌನ್ಸೆಲಿಂಗ್ ಬಂತೆಂದರೆ ಒಂದೇ ಚರ್ಚೆ. ಬೆಂಗಳೂರೋ, ಮೈಸೂರೋ, ಇಲ್ಲಾ ಮನೆ ಹತ್ತಿರದ ಹಾಸನ ಹಿಮ್ಸ್ ಸಾಕೋ?

ಕೇಂದ್ರ ಸರ್ಕಾರ 2021ರ ಮಾರ್ಚ್‌ನಲ್ಲಿ ಪ್ರಕಟಿಸಿದ ಸುಗಮ ಜೀವನ ಸೂಚ್ಯಂಕದಲ್ಲಿ 10 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳ ಪೈಕಿ ಬೆಂಗಳೂರಿಗೆ ಮೊದಲ ಸ್ಥಾನ ಸಿಕ್ಕಿತ್ತು. ಆದರೆ ಇಡೀ ನಗರಕ್ಕೆ ಕೊಟ್ಟ ಅಂಕ ರಾತ್ರಿ ಡ್ಯೂಟಿ ಮುಗಿಸಿ ಬರುವ ಪಿಜಿ ವೈದ್ಯರಿಗೆ ಹೆಚ್ಚೇನೂ ಹೇಳಲ್ಲ. ಎಂಡಿ, ಎಂಎಸ್ ಮೂರು ವರ್ಷದ ಕೋರ್ಸ್. ಅಷ್ಟೂ ದಿನ ಅವರ ಊರು ಅಂದ್ರೆ ವಾರ್ಡು, ಹಾಸ್ಟೆಲ್, ನಡುವಿನ ರಸ್ತೆ, ಅಷ್ಟೇ.

ನಿಯಮ ಏನು ಹೇಳುತ್ತೆ?

ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದಂತೆ ಪಿಜಿ ವಿದ್ಯಾರ್ಥಿಗಳಿಗೆ ಕಾಲೇಜು ವಸತಿ ಕೊಡಲೇಬೇಕು; ಅಲ್ಲೇ ಇರಬೇಕೆಂಬ ಕಡ್ಡಾಯವಿಲ್ಲ. ಕೆಲಸದ ಅವಧಿ ‘ಸಮಂಜಸ’ವಾಗಿರಬೇಕು ಎಂದಷ್ಟೇ ಇದೆ, ಗಂಟೆಯ ಲೆಕ್ಕವಿಲ್ಲ. ಆಯೋಗದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದು, ಒಂದು ದಿನ ರಜೆ ಬೇಕು ಎಂದು ಶಿಫಾರಸು ಮಾಡಿತು. ಹೀಗಾಗಿ ಡ್ಯೂಟಿ ಎಷ್ಟು ಹೊತ್ತು ಅನ್ನೋದು ಊರಿಗಿಂತ ಹೆಚ್ಚಾಗಿ ವಿಭಾಗವನ್ನೇ ಅವಲಂಬಿಸಿದೆ.

ಸುರಕ್ಷತೆಯೂ ಸಣ್ಣ ಮಾತಲ್ಲ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಪಿಜಿ ವೈದ್ಯೆಯ ಅತ್ಯಾಚಾರ, ಕೊಲೆ ನಡೆಯಿತು. ಡ್ಯೂಟಿ ಡಾಕ್ಟರು ಮಲಗಲು ಬೀಗವಿರುವ ಕೋಣೆ ಇದೆಯಾ ಎಂಬ ಪ್ರಶ್ನೆ ಆಮೇಲೆ ದೇಶದೆಲ್ಲೆಡೆ ಎದ್ದಿತು.

ಸೀನಿಯರ್‌ಗಳನ್ನು ಕೇಳಬೇಕಾದ್ದು

* ಹಾಸ್ಟೆಲ್ ನಿಜವಾಗಿ ಸಿಗುತ್ತಾ? ಇಲ್ಲದಿದ್ರೆ ಆಸ್ಪತ್ರೆ ಹತ್ತಿರ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು? ಸ್ಟೈಪೆಂಡ್ ತಿಂಗಳು ತಿಂಗಳು ಬರುತ್ತಾ?
* ರಾತ್ರಿ 2 ಗಂಟೆಗೆ ಊಟ ಸಿಗುತ್ತಾ? ನಡೆದು ಬರೋ ದಾರಿಯಲ್ಲಿ ಬೀದಿದೀಪ ಇದೆಯಾ?
* ವಾರದ ರಜೆ ಸಿಗುತ್ತಾ? ಸಿಕ್ಕರೆ ಅಪ್ಪ ಅಮ್ಮನನ್ನು ನೋಡಿಕೊಂಡು ಮರಳುವಷ್ಟು ದೂರವಾ?

ಕೊನೆಯ ಪ್ರಶ್ನೆಯಲ್ಲಿ ಹಾಸನ ಗೆಲ್ಲುತ್ತೆ. ಹಗರೆಯಲ್ಲಿ ಬಸ್ ಹತ್ತಿದರೆ ಹಾಸನ. ಬೆಂಗಳೂರಾದರೆ ಹಾಸನದಿಂದಲೇ ಮತ್ತೆ ಸುಮಾರು 185 ಕಿ.ಮೀ. ಆದರೆ ಬೇಕಾದ ವಿಭಾಗ ಬೆಂಗಳೂರಿನಲ್ಲಷ್ಟೇ ಸಿಗುವುದಾದರೆ ಮನೆ ಹತ್ತಿರ ಅಂತ ಅದನ್ನು ಬಿಡುವುದು ಜಾಣತನವಲ್ಲ. ವಿಭಾಗ ಜೀವನಪೂರ್ತಿ, ಊರು ಮೂರು ವರ್ಷ. ಅದರಲ್ಲೂ ಮೂರು ತಿಂಗಳು ಜಿಲ್ಲಾ ರೆಸಿಡೆನ್ಸಿ ಕಡ್ಡಾಯ.

ಸರ್ಕಾರಿ ಕಾಲೇಜುಗಳ ಅರ್ಧ ಸೀಟು ಅಖಿಲ ಭಾರತ ಕೋಟಾದಲ್ಲಿ, ಉಳಿದಿದ್ದು ಕೆಇಎ ಮೂಲಕ ಹಂಚಿಕೆಯಾಗುತ್ತವೆ. ರ‍್ಯಾಂಕ್‌ಗೆ ಸಿಗುವ ಸೀಟುಗಳಲ್ಲಿ ಪಟ್ಟಿಯಲ್ಲಿ ಮೇಲಿರುವುದೇ ಬರುತ್ತದೆ. ಆದ್ದರಿಂದ ಮೂರು ವರ್ಷ ಇರಲಾಗದ ಜಾಗವನ್ನು ‘ಇರಲಿ ಬಿಡು’ ಅಂತ ಮೇಲೆ ಹಾಕಬೇಡಿ.