ವಿದೇಶದಲ್ಲಿ ಲೆಕ್ಕಪತ್ರದ ನೌಕರಿ: ಮೊದಲು ದೇಶ ತಿಳಿಯಿರಿ, ಆಮೇಲೆ ಕೋರ್ಸು

ಹಿಡಕಲ್: ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ 51 ಟಿಎಂಸಿ ಅಡಿ ಸಾಮರ್ಥ್ಯದ ಜಲಾಶಯ ಈ ಭಾಗಕ್ಕೆ ಕಬ್ಬನ್ನಷ್ಟೇ ತರಲಿಲ್ಲ, ಲೆಕ್ಕ ಬರೆಯುವ ಕೆಲಸವನ್ನೂ ತಂದಿತು. ಸಕ್ಕರೆ ಕಾರ್ಖಾನೆ, ಪತ್ತಿನ ಸಹಕಾರಿ ಸಂಘ, ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ಗೋಕಾಕ ಪೇಟೆಯ ಲೆಕ್ಕಪರಿಶೋಧಕರ ಕಚೇರಿ. ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಬಿ.ಕಾಂ. ಪದವೀಧರರು ಕಸುಬು ಕಲಿಯುವುದು ಇಂಥ ಕಡೆಗಳಲ್ಲಿಯೇ. ಇವರಲ್ಲಿ ಯಾರಾದರೂ ವ್ಯಾಸಂಗಕ್ಕೆಂದೋ, ಮದುವೆಯಾಗಿಯೋ ದುಬೈ, ಲಂಡನ್, ಟೊರಾಂಟೊಗಳಿಗೆ ತೆರಳಿದಾಗ ಏಳುವ ಪ್ರಶ್ನೆ ಒಂದೇ: ಇಲ್ಲಿ ಕಲಿತದ್ದು ಅಲ್ಲಿ ಎಷ್ಟಕ್ಕೆ ಸಲ್ಲುತ್ತದೆ?

ವಕೀಲರಂತೆ ಲೆಕ್ಕಪರಿಶೋಧಕರಿಗೂ ಅಧಿಕಾರ ದೊರೆಯುವುದು ಆಯಾ ದೇಶದ ಕಾನೂನಿನಿಂದ. ನಮ್ಮಲ್ಲಿ ಸಿ.ಎ.ಗಳ ಸಹಿಗೆ 1949ರ ಕಾಯ್ದೆಯೇ ಆಧಾರ. ಗಡಿ ದಾಟಿದ ಮೇಲೆ ಆ ಸಹಿಗೆ ಕಾನೂನಿನ ಬಲವಿಲ್ಲ. ಆದರೆ ಒಂದು ಕಂಪೆನಿಯ ನೌಕರರಾಗಿ ಲೆಕ್ಕ ಬರೆಯಲು, ಬಿಲ್ ಪಾವತಿ ನೋಡಿಕೊಳ್ಳಲು, ವೇತನಪಟ್ಟಿ ತಯಾರಿಸಲು ಸಾಮಾನ್ಯವಾಗಿ ಪರವಾನಗಿ ಬೇಕಿಲ್ಲ. ಈ ವ್ಯತ್ಯಾಸ ಅರಿಯದೆ ಕೋರ್ಸಿಗೆ ಹಣ ಕಟ್ಟುವುದೇ ಮೊದಲ ತಪ್ಪು.

ದೇಶಕ್ಕೊಂದು ದಾರಿ

ಯುಎಇಯಲ್ಲಿ 2018ರಲ್ಲಿ ಶೇ 5ರ ಮೌಲ್ಯವರ್ಧಿತ ತೆರಿಗೆ, 2023ರಲ್ಲಿ ಕಂಪೆನಿಗಳ ಮೇಲೆ ಶೇ 9ರ ಆದಾಯ ತೆರಿಗೆ ಜಾರಿಗೆ ಬಂದವು. ಮೊದಲು ತೆರಿಗೆಯ ಗೋಜೇ ಇಲ್ಲದಿದ್ದ ಅಂಗಡಿ ಮುಂಗಟ್ಟುಗಳಿಗೂ ಈಗ ಕ್ರಮಬದ್ಧ ಲೆಕ್ಕ ಅನಿವಾರ್ಯ. ಜಿಎಸ್‌ಟಿ ವಿವರಪಟ್ಟಿ ಸಲ್ಲಿಸಿ ಪಳಗಿದವರಿಗೆ ಈ ಕೆಲಸ ಅಪರಿಚಿತವೇನಲ್ಲ.

ಬ್ರಿಟನ್ನಿನಲ್ಲಿ 1904ರಲ್ಲಿ ಸ್ಥಾಪನೆಯಾದ ಎಸಿಸಿಎ ಸಂಸ್ಥೆಯ ಅರ್ಹತೆ ನಮ್ಮ ಪದವೀಧರರಿಗೆ ಹೆಚ್ಚು ಪರಿಚಿತ. ಬಿ.ಕಾಂ. ಓದಿದವರಿಗೆ ಆರಂಭದ ಕೆಲವು ಪತ್ರಿಕೆಗಳಿಂದ ವಿನಾಯಿತಿ ಸಿಗುತ್ತದೆ. ಸದಸ್ಯತ್ವಕ್ಕೆ ಬೇಕಾದ 36 ತಿಂಗಳ ಅನುಭವವನ್ನು ಬ್ರಿಟನ್ನಿನಲ್ಲಿಯೇ ಗಳಿಸಬೇಕೆಂದಿಲ್ಲ. ನಿಯಮಕ್ಕೆ ಒಪ್ಪುವ ಕೆಲಸವಾಗಿದ್ದು, ಅರ್ಹ ಲೆಕ್ಕಪರಿಶೋಧಕರು ಅದನ್ನು ದೃಢಪಡಿಸಿದರೆ ಗೋಕಾಕದ ಕಚೇರಿಯ ದುಡಿಮೆಯೂ ಲೆಕ್ಕಕ್ಕೆ ಬರುತ್ತದೆ. ತೊಡಕು ಇರುವುದು ವೀಸಾದಲ್ಲಿ. ಅಲ್ಲಿನ ನುರಿತ ನೌಕರರ ವೀಸಾಕ್ಕೆ ಸಾಮಾನ್ಯ ವೇತನ ಮಿತಿಯನ್ನು 2025ರ ಜುಲೈ 22ರಿಂದ ವರ್ಷಕ್ಕೆ 41,700 ಪೌಂಡಿಗೆ ಏರಿಸಲಾಯಿತು. ಆರಂಭದ ಗುಮಾಸ್ತಿಕೆಯ ಸಂಬಳ ಈ ಮಟ್ಟ ಮುಟ್ಟುವುದು ಕಷ್ಟ. ಹೀಗಾಗಿ ಓದಲು ಹೋದವರ ಲೆಕ್ಕಾಚಾರವೇ ಬೇರೆ, ಪತಿ ಅಥವಾ ಪತ್ನಿಯ ಜತೆ ಹೋಗಿ ದುಡಿಯುವ ಅನುಮತಿ ಪಡೆದವರ ಲೆಕ್ಕಾಚಾರವೇ ಬೇರೆ.

ಕೆನಡಾದಲ್ಲಿ ಹಿಂದೆ ಬೇರೆ ಬೇರೆಯಾಗಿದ್ದ ಮೂರು ಅರ್ಹತೆಗಳು ಕಳೆದ ದಶಕದಲ್ಲಿ ಸಿಪಿಎ ಹೆಸರಿನಲ್ಲಿ ಒಂದಾದವು. ವಲಸೆ ಅರ್ಜಿಗೆಂದು ಮಾಡಿಸುವ ಪದವಿ ಮೌಲ್ಯಮಾಪನವೇ ಸಿಪಿಎ ಪ್ರವೇಶಕ್ಕೂ ಸಾಕೆಂದು ಭಾವಿಸಬಾರದು. ಪ್ರಾಂತ್ಯದ ಸಿಪಿಎ ಸಂಸ್ಥೆಯ ಪರಿಶೀಲನೆ ಪ್ರತ್ಯೇಕ.

ಮೂರು ವರ್ಷದ ಪದವಿ

ಅಮೆರಿಕದ ಸಿಪಿಎ ಪರೀಕ್ಷೆಯನ್ನು 2020ರಿಂದ ಭಾರತದಲ್ಲಿಯೇ ಬರೆಯಬಹುದಾಗಿದೆ. ಆದರೆ ಪರವಾನಗಿ ನೀಡುವುದು ಆಯಾ ರಾಜ್ಯದ ಮಂಡಳಿ. ಬಹುಕಾಲದಿಂದ ರೂಢಿಯಲ್ಲಿರುವುದು 150 ಕ್ರೆಡಿಟ್‌ಗಳ ಷರತ್ತು. ನಮ್ಮ ಮೂರು ವರ್ಷದ ಬಿ.ಕಾಂ.ಗೆ ಸಾಮಾನ್ಯವಾಗಿ ಸಿಗುವುದು 90 ಮಾತ್ರ. ಕರ್ನಾಟಕದಲ್ಲಿ 2021-22ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು 2024ರಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಲಾಗಿದೆ. ಆದ್ದರಿಂದ ಎಂ.ಕಾಂ. ಅಥವಾ ಸಿ.ಎ. ಇಲ್ಲದವರಿಗೆ ಕೊರತೆ ತುಂಬುವ ಹೊರೆ ತಪ್ಪಿದ್ದಲ್ಲ. ಓಹಿಯೊ ಮುಂತಾದ ರಾಜ್ಯಗಳು 150ರ ಷರತ್ತಿಗೆ ಪರ್ಯಾಯ ದಾರಿ ತೆರೆದಿವೆಯಾದರೂ ಅಲ್ಲಿನ ಪದವಿಗೆ ಸಮನಾದ ಪದವಿ ಇರಲೇಬೇಕು.

ಇನ್ನು ಸಿಎಫ್‌ಎ ಹೂಡಿಕೆ ವಿಶ್ಲೇಷಣೆಯ ಅರ್ಹತೆ. ಲೆಕ್ಕಪರಿಶೋಧನೆಯ ಅಧಿಕಾರ ಅದರಿಂದ ಬರುವುದಿಲ್ಲ.

ಹೊರಡುವ ಮುನ್ನ

ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ಮತ್ತು ಪಠ್ಯಕ್ರಮದ ಪ್ರತಿಗಳನ್ನು ಊರಿನಲ್ಲಿರುವಾಗಲೇ ಪಡೆಯುವುದು ಲೇಸು. ಈ ಭಾಗದ ಹಳೆಯ ಪದವೀಧರರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೋಗಬೇಕಾದೀತು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 2010ರಲ್ಲಿ. ಅನುಭವ ಪತ್ರದಲ್ಲಿ ‘ತೃಪ್ತಿಕರ ಸೇವೆ’ ಎಂಬ ಒಂದೇ ಸಾಲಿನ ಬದಲು ಯಾವ ಲೆಕ್ಕ, ಯಾವ ತೆರಿಗೆ, ಎಷ್ಟು ತಿಂಗಳು ಎಂಬ ವಿವರವಿರಲಿ. ಟ್ಯಾಲಿ ಬಲ್ಲವರು ಕ್ವಿಕ್‌ಬುಕ್ಸ್ ಅಥವಾ ಸೇಜ್ ಅಭ್ಯಾಸ ಮಾಡಿಕೊಂಡರೆ ಅನುಕೂಲ.

ಅಲ್ಲಿಗೆ ಹೋದ ಮೇಲೆ ದೊರೆಯುವ ಮೊದಲ ಹುದ್ದೆ ಇಲ್ಲಿನದಕ್ಕಿಂತ ಚಿಕ್ಕದಿರಬಹುದು. ಅದನ್ನು ಅವಮಾನವೆಂದು ತಿಳಿಯಬೇಕಿಲ್ಲ. ಆ ದೇಶದ ತೆರಿಗೆ, ಕಚೇರಿಯ ರೀತಿನೀತಿ ಕಲಿಸುವುದು ಅದೇ ಹುದ್ದೆ. ತಾವು ಬಯಸುವ ಹತ್ತು ನೌಕರಿಗಳ ಜಾಹೀರಾತು ಓದಿ, ಅವು ಯಾವ ಅರ್ಹತೆ ಕೇಳುತ್ತವೆ ಎಂದು ಬರೆದಿಟ್ಟುಕೊಂಡರೆ ಕೋರ್ಸಿನ ಆಯ್ಕೆ ಅರ್ಧ ಮುಗಿದಂತೆ. ಉಳಿದರ್ಧಕ್ಕೆ ಅರ್ಹತೆ ನೀಡುವ ಸಂಸ್ಥೆಯಿಂದಲೇ ವಿನಾಯಿತಿಯ ಲಿಖಿತ ಉತ್ತರ ಪಡೆಯಬೇಕು, ತರಬೇತಿ ಕೇಂದ್ರದ ಬಾಯಿಮಾತು ಸಾಲದು.

ಹೊಲದ ಉತಾರ ಬ್ಯಾಂಕಿಗೆ ಕೊಟ್ಟು ಸಾಲ ತೆಗೆಯುವ ಮನೆಗಳಿಗೆ ಈ ಎಚ್ಚರ ಹೆಚ್ಚು ಮುಖ್ಯ. ತಪ್ಪು ಕೋರ್ಸಿಗೆ ಕಟ್ಟಿದ ಶುಲ್ಕ ಮರಳಿ ಬರುವುದಿಲ್ಲ, ಸಾಲದ ಕಂತು ಮಾತ್ರ ತಪ್ಪುವುದಿಲ್ಲ.