ಗಣಕಕ್ಕೆ ‘ಕೊಬ್ಬರಿ’ ಎಷ್ಟು ಅಕ್ಷರ?

ಹೊಸ ಗಣಕ ಭಾಷೆ ಕಲಿಯುವವರು ಮೊದಲು ಬರೆಯುವುದು ತೆರೆಯ ಮೇಲೆ ‘ಹಲೋ, ವರ್ಲ್ಡ್’ ಎಂದು ಮೂಡಿಸುವ ನಾಲ್ಕೈದು ಸಾಲಿನ ಪ್ರೋಗ್ರಾಮನ್ನು. ಕರ್ನಿಹನ್ ಮತ್ತು ರಿಚಿ 1978ರಲ್ಲಿ ಹೊರತಂದ ‘ಸಿ’ ಭಾಷೆಯ ಪುಸ್ತಕದಿಂದ ಈ ರೂಢಿ ಹಬ್ಬಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳು ಅದರ ಬದಲು ‘ಕೊಬ್ಬರಿ’ ಎಂದು ಬರೆದು ನೋಡಲಿ.

ನಾವು ಬರೆದದ್ದು ಯಂತ್ರಕ್ಕೆ ನೇರವಾಗಿ ತಿಳಿಯದು. ಮರದಿಂದ ಇಳಿಸಿದ ಕಾಯಿ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಮೇಲೆ ತಾನೆ ಉಂಡೆ ಕೊಬ್ಬರಿಯಾಗಿ ಮಂಡಿಗೆ ಹೋಗುವುದು? ಹಾಗೆಯೇ ನಮ್ಮ ಬರಹವನ್ನು ಯಂತ್ರದ ಸಂಕೇತಗಳಾಗಿ ಮಾರ್ಪಡಿಸುವುದು ಕಂಪೈಲರ್. ಅದಕ್ಕೆ ಕ್ಷಣ ಸಾಕು; ಆದರೆ ಬಲು ಕಟ್ಟುನಿಟ್ಟು. ಸಾಲಿನ ಕೊನೆಯ ಅರ್ಧವಿರಾಮ ಬಿಟ್ಟರೆ ಇಂಗ್ಲಿಷಿನಲ್ಲಿ ತಕರಾರು ಬರುತ್ತದೆ, ಎಷ್ಟೋ ಸಲ ಮುಂದಿನ ಸಾಲಿನತ್ತ ಬೆರಳು ತೋರಿಸುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ‘ಇದು ನಮಗಲ್ಲ’ ಎಂದು ಎದ್ದುಬಿಡುವುದು ಇಲ್ಲೇ. ತಕರಾರಿನಲ್ಲಿರುವ ಸಾಲಿನ ಸಂಖ್ಯೆ ಹಿಡಿದು, ಅದರ ಹಿಂದಿನ ಸಾಲನ್ನೂ ನೋಡಿದರೆ ಅರ್ಧ ತೊಡಕು ಬಿಟ್ಟೀತು. ಪೋಷಕರೇ, ಆ ಹೊತ್ತಿನಲ್ಲಿ ದಯವಿಟ್ಟು ಅಂಕಪಟ್ಟಿಯ ಮಾತು ತೆಗೆಯಬೇಡಿ.

ತೆರೆಯ ಮೇಲೆ ಪದ ಮೂಡಿತೆನ್ನಿ. ಈಗ ಅದರ ಉದ್ದ ಕೇಳಿ. ನಮ್ಮ ಕಣ್ಣಿಗೆ ಮೂರೇ ಅಕ್ಷರ. ಪೈಥಾನ್ ಎಂಬ ಇನ್ನೊಂದು ಭಾಷೆ ಸಾಮಾನ್ಯವಾಗಿ 7 ಎನ್ನುತ್ತದೆ: ಕ, ಒಕಾರದ ಚಿಹ್ನೆ, ಬ, ಒತ್ತಕ್ಷರ ಕೂಡಿಸುವ ಹಲಂತ, ಮತ್ತೊಂದು ಬ, ರ, ಇಕಾರದ ಚಿಹ್ನೆ. ‘ಸಿ’ಯನ್ನು ಕೇಳಿದರೆ 21! ಅದು ಎಣಿಸುವುದು ಬೈಟುಗಳನ್ನು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು. ಇಂಗ್ಲಿಷಿನ ‘ಹಲೋ’ದಲ್ಲಿ ಐದು ಅಕ್ಷರ, ಐದೇ ಬೈಟು; ಈ ಗುಟ್ಟು ಅಲ್ಲಿ ಕಾಣುವುದೇ ಇಲ್ಲ. ಮೂರಕ್ಷರವಲ್ಲವೇ ಎಂದು ‘ಸಿ’ಯಲ್ಲಿ ಹತ್ತು ಬೈಟಿನ ಜಾಗ ಕಾದಿರಿಸಿದರೆ ಕೊಬ್ಬರಿ ಹಿಡಿಸದು. ಕೊನೆಯ ಸೊನ್ನೆಯ ಗುರುತೂ ಸೇರಿ 22 ಬೇಕು.